ಮನಿಲಾದ ಮೆರ್ಲಿನ್

ತಿಪಟೂರಿನ ವನಜಾಕ್ಷಿಯ ಗಾಣದ ಕೊಬ್ಬರಿ ಎಣ್ಣೆಗೆ ಸಿಂಗಪುರದಲ್ಲೂ ಗಿರಾಕಿಗಳಿದ್ದರು. ಎಣ್ಣೆ ತೆಗೆಸುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಕಷ್ಟವೆಲ್ಲ ಇಂಗ್ಲಿಷಿನಲ್ಲಿ ಬರುವ ಇಮೇಲುಗಳದ್ದು. ಅವನ್ನು ನೋಡಿಕೊಳ್ಳಲು ಅಣ್ಣನ ಮಗಳು ಅನುಪಮಾ ಇದ್ದಳು. ತಾಯಿ ತೀರಿಕೊಂಡ ಮೇಲೆ ಹತ್ತನೇ ವಯಸ್ಸಿನಿಂದ ಅತ್ತೆಯ ಮನೆಯಲ್ಲೇ ಬೆಳೆದು ಬಿ.ಕಾಂ. ಮಾಡಿದವಳು. ಗಂಡ ಸತ್ತ, ಮಕ್ಕಳಿಲ್ಲದ ವನಜಾಕ್ಷಿ, ಗಾಣವೂ ದಂಡಿನಶಿವರದ ತೋಟವೂ ಮುಂದೆ ಇವಳಿಗೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು. ಹುಡುಗಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ತಲೆ ಮೇಲೆ ಕೂತುಕೊಳ್ಳುತ್ತಾಳಂತೆ!

ಹೊಗಳುವುದರಲ್ಲೂ ಅದೇ ಜಿಪುಣತನ. ಆರ್ಡರು ಬಂದರೆ ಎಣ್ಣೆಯ ಗುಣ, ತಪ್ಪಿದರೆ ಅನುಪಮಾಳ ಇಂಗ್ಲಿಷಿನ ದೋಷ. ಇಂಟರ್‌ನೆಟ್ಟಿನಲ್ಲಿ ಸಹಾಯಕರೂ ಸಿಗುತ್ತಾರೆ, ಯಾವುದೋ ದೇಶದಲ್ಲಿ ಕೂತೇ ನಮ್ಮ ಕಾಗದಪತ್ರ ನೋಡಿಕೊಳ್ಳುತ್ತಾರೆ ಎಂದು ೨೦೦೮ರಲ್ಲಿ ಯಾರೋ ಹೇಳಿದ್ದೇ ತಡ, ಹುಡುಕು ಎಂದು ಅನುಪಮಾಳನ್ನೇ ಕೂರಿಸಿದಳು. ಕುರಿಯ ಕೈಲೇ ಕತ್ತಿ ಮಸೆಸಿದ ಹಾಗೆ.

ನಾಲ್ಕು ಜನ ಅರ್ಜಿ ಹಾಕಿದ್ದಾರೆ ಎಂದಳು ಅನುಪಮಾ. ಬಾಟಲಿ ಒಡೆದು ಸಿಟ್ಟಾದ ಗಿರಾಕಿಗೆ ಒಂದು ಉತ್ತರ ಬರೆಯಲಿ, ಚೆನ್ನಾಗಿ ಬರೆದವರಿಗೆ ಕೆಲಸ ಎಂದಳು ವನಜಾಕ್ಷಿ. ನಾಲ್ಕೂ ಉತ್ತರಗಳನ್ನು ಹುಡುಗಿ ಕನ್ನಡ ಮಾಡಿ ಓದಿದಳು. ಮೂರನೆಯದು ಮುಗಿಯುವ ಮೊದಲೇ ವನಜಾಕ್ಷಿಯ ಮುಖ ಅರಳಿತು. ಬರೆದರೆ ಹೀಗೆ ಬರೆಯಬೇಕು, ನೋಡಿ ಕಲಿ ಎಂದಳು. ಅದು ಮನಿಲಾದ ಮೆರ್ಲಿನ್ ಬರೆದದ್ದಂತೆ. ತಿಂಗಳಿಗೆ ನಾಲ್ಕು ಸಾವಿರ ಸಂಬಳ ನಿಗದಿಯಾಯಿತು. ಹಣ ಕಳಿಸುವ ಕೆಲಸವೂ ಅನುಪಮಾಳದ್ದೇ.

ಎರಡು ವರ್ಷ ಮೆರ್ಲಿನ್ ಚಿನ್ನದಂತೆ ದುಡಿದಳು. ವನಜಾಕ್ಷಿ ಶನಿವಾರ ಶನಿವಾರ ಅವಳಿಗೆ ಕಾಗದ ಬರೆಸತೊಡಗಿದಳು. ಮೊದಮೊದಲು ವ್ಯಾಪಾರದ ಮಾತು, ಆಮೇಲೆ ಮಂಡಿನೋವು, ಕೊನೆಕೊನೆಗೆ ಗಂಡನ ಕುಡಿತ, ಹೊಟ್ಟೆಯಲ್ಲೇ ಹೋದ ಕೂಸು. ‘ನೀನಿಲ್ಲದಿದ್ದರೆ ನಾನಿಲ್ಲ ಕಣಮ್ಮ’ ಎಂದೂ ಒಮ್ಮೆ ಬರೆಸಿದಳು. ಇಷ್ಟನ್ನೂ ಟೈಪು ಮಾಡುತ್ತಿದ್ದವಳು ಅನುಪಮಾ. ಆ ಹುಡುಗಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಈ ಮಹಾತಾಯಿ ಹೇಳುತ್ತಿದ್ದಳು.

ಒಂದು ದಿನ ಸಿಂಗಪುರದ ಗಿರಾಕಿ ಶಂಭುಲಿಂಗಯ್ಯ ಊರಿಗೆ ಬಂದವರು ಗಾಣ ನೋಡಲು ಬಂದರು. ಕಾಫಿ ಕುಡಿಯುತ್ತಾ ಮೆರ್ಲಿನ್‌ಳನ್ನು ಹೊಗಳಿದರು. ಅವಳು ಬರೆದ ಒಂದು ಕಾಗದವನ್ನು ಹೆಂಡತಿಗೂ ಓದಿ ಹೇಳಿದ್ದರಂತೆ. "ನೀವು ಅಟ್ಟದ ಮೇಲೆ ಒಂದೊಂದು ಕಾಯನ್ನೂ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀರಂತೆ. ಒಳಗೆ ಕೊಬ್ಬರಿ ಗುಡುಗುಡು ಅನ್ನದಿದ್ರೆ, 'ಇನ್ನೊಂದು ತಿಂಗಳು ಮಲಗಿರು ತಾಯಿ' ಅಂತ ವಾಪಸ್ ಇಡ್ತೀರಂತೆ. ಎಂಥಾ ಮಾತು ಕಣ್ರೀ!"

ವನಜಾಕ್ಷಿ ಕಾಫಿ ಲೋಟ ಕೆಳಗಿಟ್ಟಳು. ಆ ಮಾತನ್ನು ಆಕೆ ಮೆರ್ಲಿನ್‌ಗೆ ಬರೆಸಿರಲಿಲ್ಲ. ಕಾಯಿಯ ಜೊತೆ ಮಾತಾಡುತ್ತೇನೆಂದರೆ ಹುಚ್ಚಿ ಅಂದಾರೆಂದು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಅದು ಕೇಳಿಸಿದ್ದರೆ ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದ ಅನುಪಮಾಳಿಗೆ ಮಾತ್ರ.

ಶಂಭುಲಿಂಗಯ್ಯನವರು ಹೊರಟ ಮೇಲೆ ಕಂಪ್ಯೂಟರಿನ ಕೋಣೆಗೆ ಹೋದಳು.

"ಮೆರ್ಲಿನ್ ಯಾರೇ?"

ಅನುಪಮಾ ಎದ್ದು ನಿಂತಳು. "ನಾನೇ ಅತ್ತೆ."

"ಉಂಡ ಮನೆಗೆ ಎರಡು ಬಗೆದೆಯಲ್ಲೇ. ದುಡ್ಡು ಬೇಕಿದ್ರೆ ಕೇಳ್ಬೇಕಿತ್ತು."

"ಕೇಳಿದ್ದೆ. ಮನೆ ಮಗಳು ಕೂಲಿ ಕೇಳ್ತಾಳಾ ಅಂತ ನೀನೇ ಅಂದೆ."

ಉಳಿದದ್ದನ್ನೂ ಅವಳು ಮುಚ್ಚಿಡಲಿಲ್ಲ. ಮೂರು ಅರ್ಜಿಗಳು ನಿಜವಾದವು. ತುಂಟತನಕ್ಕೆ ತನ್ನದೊಂದು ಉತ್ತರ ಸೇರಿಸಿದ್ದಳು, ಅತ್ತೆ ಮೆಚ್ಚಿದರೆ ನಾನೇ ಎಂದು ಹೇಳಿ ನಗೋಣವೆಂದು. "ನಾನು ಬರೆದದ್ದು ಕೇಳಿ ಅವತ್ತೇ ಮೊದಲು ನಿನ್ ಮುಖ ಅರಳಿದ್ದು. ಆಮೇಲೆ ಹೇಳಕ್ಕೆ ಬಾಯಿ ಬರ್ಲಿಲ್ಲ."

ವನಜಾಕ್ಷಿ ಕರಗಲಿಲ್ಲ. ನಾಲ್ಕು ಸಾವಿರ ಹಾಳಾಗಿ ಹೋಗಲಿ. ಯಾರಿಗೂ ಹೇಳದ ಸಂಕಟವನ್ನೆಲ್ಲ ಈ ಹುಡುಗಿ ಪಕ್ಕದಲ್ಲೇ ಕೂತು ಬರೆದುಕೊಂಡು, ಮಾರನೇ ದಿನ ‘ಅಳಬೇಡಿ ಮೇಡಂ’ ಎಂದು ಮನಿಲಾದಿಂದ ಉತ್ತರ ಓದಿದ್ದಳಲ್ಲ! ಸೀರೆ ಬದಲಿಸುವಾಗ ಕಿಂಡಿಯಲ್ಲಿ ಯಾರೋ ನೋಡಿದಷ್ಟು ನಾಚಿಕೆಯಾಯಿತು. ಇಂಥ ಮೋಸವನ್ನು ಗಂಡನೂ ಮಾಡಿರಲಿಲ್ಲ.

ಆದರೂ ಹುಡುಗಿಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಆಗಿದ್ದಾಯ್ತು ಬುಡು. ಇನ್ಮೇಲೆ ನೀನೇ ನೋಡ್ಕೊ, ಸಂಬಳ ನಿನ್ಗೇ ಬಿಸಾಕ್ತೀನಿ" ಎಂದಳು.

"ನನಗೆ ಅಂದ್ರೆ ನಿನಗೆ ಬಿಸಾಕಕ್ಕೇ ಬರೋದು ಅತ್ತೆ. ಅವಳನ್ನೇ ಇಟ್ಕೊ" ಎಂದಳು ಅನುಪಮಾ. ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ತುರುವೇಕೆರೆಯ ಬಸ್ಸು ಹತ್ತಿದಳು, ಅಪ್ಪನ ಮನೆಗೆ.

ವನಜಾಕ್ಷಿ ಮೂರು ದಿನ ಕುದಿದಳು. ಊರಲ್ಲಿ ಯಾರಿಗೆ ಹೇಳಿದರೂ ನಗೆಪಾಟಲು. ನಾಲ್ಕನೆಯ ದಿನ ಶನಿವಾರ. ಸಂಜೆ ಕೈಕಾಲು ತೊಳೆದು ಕಂಪ್ಯೂಟರಿನ ಕೋಣೆಗೆ ಬಂದು, ಎಂದಿನ ಕುರ್ಚಿಯಲ್ಲಿ ಕೂತಳು. ಸಾಕಿದ ಹುಡುಗಿಯೇ ಹೀಗೆ ಮಾಡಿದಳಮ್ಮಾ ಎಂದು ಮೆರ್ಲಿನ್‌ಗೆ ಎಲ್ಲವನ್ನೂ ಹೇಳಿಕೊಳ್ಳಬೇಕೆನಿಸಿ, "ಅನು, ಬಾರೇ, ಬರ್ಕೊ" ಎಂದು ಕೂಗಿದಳು.