ಮೂರನೆಯ ಜಾಗ

ವಾಂಡಾಳ ಮನೆಯ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ವರ್ಲೀನ್ ತನ್ನ ಕಾರನ್ನು ರಸ್ತೆಯಂಚಿನ ಹುಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿ, ಖಾರ ತುಂಬಿದ ಮೊಟ್ಟೆಗಳ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು, ಹೆಗಲಿನ ಬ್ಯಾಗು ಜಾರದಂತೆ ಮೊಣಕೈ ಒತ್ತಿಕೊಂಡು ಮೆಟ್ಟಿಲು ಹತ್ತಿದಳು.

ವಾಂಡಾ ಅವಳ ತೀರಿಹೋದ ಗಂಡನ ತಂಗಿ. ವಾಂಡಾಳ ಮಗಳಿಗೆ ಚೊಚ್ಚಲ ಬಸಿರು. ಹುಟ್ಟಲಿರುವ ಕೂಸಿಗೆ ಉಡುಗೊರೆ ಕೊಡಲು ಚರ್ಚಿನ ಹೆಂಗಸರೆಲ್ಲ ಆ ಮಧ್ಯಾಹ್ನ ಅಲ್ಲಿ ಸೇರಿದ್ದರು.

"ಬಂದ್ಯಾ ಮಹರಾಯ್ತಿ! ಮೊಟ್ಟೆ ಬರಲ್ವೇನೋ ಅಂತ ಇಲ್ಲಿ ಎಲ್ರೂ ಅಳೋಕೆ ಶುರು ಮಾಡಿದ್ರು," ಎಂದು ವಾಂಡಾ ತಟ್ಟೆಯನ್ನು ಕಿತ್ತುಕೊಂಡಳು. "ಕೋಟು, ಬ್ಯಾಗು ಎಲ್ಲಾ ನನ್ನ ರೂಮಲ್ಲಿ ಮಂಚದ ಮೇಲೆ ಹಾಕ್ಬಿಡು."

ಟೆನೆಸಿಯ ಆ ಬೆಟ್ಟದ ಸೀಮೆಯಲ್ಲಿ ಯಾರ ಮನೆಯ ಕೂಟಕ್ಕೆ ಹೋದರೂ ಹಾಗೆಯೇ. ಮನೆಯೊಡತಿಯ ಮಂಚದ ಮೇಲೆ ಕೋಟುಗಳು, ಶಾಲುಗಳು, ಕೈಚೀಲಗಳು ಗುಡ್ಡೆ ಬೀಳುತ್ತವೆ. ಬ್ಯಾಗನ್ನು ಹೆಗಲಲ್ಲೇ ಇಟ್ಟುಕೊಂಡು ಕೂತರೆ ಬೇಗ ಹೊರಡುವ ಆತುರ ಎಂದೋ, ಮನೆಯವರ ಮೇಲೆ ನಂಬಿಕೆ ಇಲ್ಲವೆಂದೋ ಅರ್ಥ. ವರ್ಲೀನ್ ಬ್ಯಾಗನ್ನು ರಾಶಿಯ ಮೇಲಿಟ್ಟು, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಬಂದಳು.

ಊಟದ ಮೇಜಿನ ಬಳಿ ವಾಂಡಾ ಮತ್ತೆ ಹಿಡಿದುಕೊಂಡಳು. "ಪಿಸ್ತೂಲಿಗೆ ಪರವಾನಗಿ ಬಂತಂತೆ? ಇನ್ಮೇಲೆ ನಿನ್ನ ಮೊಟ್ಟೆಗೆ ಉಪ್ಪು ಜಾಸ್ತಿ ಆಯ್ತು ಅನ್ನೋ ಧೈರ್ಯ ಯಾರಿಗಿದ್ಯಪ್ಪ!"

ಎಲ್ಲರೂ ನಕ್ಕರು. ವರ್ಲೀನಳೂ ನಕ್ಕಳು. ನಗದಿದ್ದವಳು ವರ್ಲೀನಳ ಸೊಸೆ ಡಾರ್ಲಾ ಒಬ್ಬಳೇ. ಅವಳು ಕಾಗದದ ತಟ್ಟೆಗಳನ್ನು ಬಿಡಿಸುತ್ತ ತಲೆ ತಗ್ಗಿಸಿದಳು.

ವರ್ಲೀನ್ ಹುಡುಗಾಟಕ್ಕೆ ಪರವಾನಗಿ ತೆಗೆದುಕೊಂಡವಳಲ್ಲ. ಕಳೆದ ಚಳಿಗಾಲದಲ್ಲಿ, ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಯನ್ನು ಮುಚ್ಚಿ ಕಾರಿನ ಹತ್ತಿರ ಹೋಗುವಾಗ ಒಬ್ಬ ಹಿಂಬಾಲಿಸಿ ಬಂದು ಅವಳನ್ನು ಕಾರಿಗೆ ಒತ್ತಿ ಹಿಡಿದಿದ್ದ. ದೂರದಲ್ಲಿ ಯಾರದೋ ಲಾರಿಯ ದೀಪ ಬಿದ್ದದ್ದಕ್ಕೆ ಓಡಿಹೋದ. ಮೈಮೇಲಿನ ಕಂದಿದ ಗಾಯ ಮಾಯ್ದರೂ ಕಾರಿನ ಬಾಗಿಲಿನ ತಣ್ಣನೆಯ ತಗಡು ಬೆನ್ನಿನಿಂದ ಹೋಗಲೇ ಇಲ್ಲ. ಅದಕ್ಕೇ ಪಿಸ್ತೂಲು ಕಲಿಸುವ ತರಗತಿಗೆ ಸೇರಿದಳು. ಕಲಿಸಿದವನು ಹೋಬಾರ್ಟ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿ. ಕೈ ನಡುಗುವವರ ಪಕ್ಕದಲ್ಲಿ ಸುಮ್ಮನೆ ನಿಂತು, ನಡುಕ ನಿಲ್ಲುವವರೆಗೂ ಬೇಸಿಗೆಯ ಟೊಮೇಟೊ ಬೆಳೆಯ ಮಾತಾಡುತ್ತಿದ್ದ.

"ಪಿಸ್ತೂಲಿಗೆ ಎರಡೇ ಜಾಗ ಮೇಡಂ," ಎಂದು ಅವನು ಹೇಳಿದ್ದ. "ನಿಮ್ಮ ಮೈಮೇಲೆ ಇರಬೇಕು, ಇಲ್ಲಾ ಬೀಗದೊಳಗೆ ಇರಬೇಕು. ಮೂರನೇ ಜಾಗ ಅಂತ ಇಲ್ಲ. ಬ್ಯಾಗು ಮೂರನೇ ಜಾಗ. ಯಾಕಂದ್ರೆ ಬ್ಯಾಗನ್ನ ಎಲ್ಲಾದ್ರೂ ಇಡ್ತೀರ."

ವರ್ಲೀನ್ ತಲೆಯಾಡಿಸಿದ್ದಳು. ಆದರೆ ಸೊಂಟಪಟ್ಟಿಗೆ ಒರೆ ಸಿಕ್ಕಿಸಿಕೊಳ್ಳಲು ಅವಳು ಪ್ಯಾಂಟು ಹಾಕುವವಳಲ್ಲ. ಅದಕ್ಕೆಂದೇ ಮಾಡಿದ, ಪಕ್ಕದಲ್ಲಿ ಗುಪ್ತ ಜೇಬಿರುವ ಬ್ಯಾಗೊಂದನ್ನು ಕೊಂಡಳು. ಜೇಬಿಗೆ ಪುಟ್ಟ ಬೀಗವೂ ಇತ್ತು. ಗಾಬರಿಯಲ್ಲಿ ಯಾರು ಕೀ ಹುಡುಕುತ್ತಾರೆ ಎಂದು ಅದನ್ನು ಹಾಕುತ್ತಲೇ ಇರಲಿಲ್ಲ.

ಡಾರ್ಲಾಳ ಮಾತೂ ಸ್ಪಷ್ಟವಾಗಿತ್ತು. ಶಾಲೆ ಬಿಟ್ಟ ಮೇಲೆ ಅವಳ ಮಗಳು ಓಪಲ್ ದಿನವೂ ವರ್ಲೀನಳ ಮನೆಗೇ ಬರುತ್ತಿದ್ದಳು; ಅಜ್ಜಿಯನ್ನು ಅವಳು ಕರೆಯುತ್ತಿದ್ದುದು ಮ್ಯಾಮಾ ಎಂದು. "ನಿಮಗೆ ಆಗಿದ್ದು ನನಗೆ ಆಗಿದ್ರೆ ನಾನೂ ತಗೋತಿದ್ನೇನೋ, ಮಿಸ್ ವರ್ಲೀನ್. ನಾನು ಬೇಡ ಅನ್ನಲ್ಲ," ಎಂದಿದ್ದಳು, ಹಿರಿಯ ಹೆಂಗಸರನ್ನು ಆ ಸೀಮೆಯಲ್ಲಿ ಗೌರವದಿಂದ ಕರೆಯುವಂತೆ ಮಿಸ್ ಸೇರಿಸಿ. "ಆದ್ರೆ ಓಪಲ್‌ನ ಕೈ ಒಂದೇ ಒಂದ್ಸಲ ಅದನ್ನ ಮುಟ್ಟಿದ್ರೆ, ಅವಳು ನಿಮ್ಮನೆಗೆ ಬರಲ್ಲ. ಮುಂಚೇನೇ ಹೇಳ್ತಿದೀನಿ."

ಉಡುಗೊರೆ ಬಿಚ್ಚುವ ಹೊತ್ತಾಯಿತು. ಪುಟ್ಟ ಕಾಲುಚೀಲಗಳು ಕೈಯಿಂದ ಕೈಗೆ ಬರುತ್ತಿದ್ದವು. ಹೊಲಿಗೆ ನೋಡಲು ಕನ್ನಡಕ ಬೇಕೆನಿಸಿ ವರ್ಲೀನ್ ಎದ್ದು ರೂಮಿಗೆ ಹೋದಳು.

ಮಂಚದ ಮೇಲೆ, ಕೋಟುಗಳ ನಡುವೆ, ಓಪಲ್ ಕಾಲು ಮಡಚಿ ಕೂತಿದ್ದಳು. ಪಕ್ಕದಲ್ಲಿ ವಾಂಡಾಳ ಮಗನ ಪುಟ್ಟ ಮಗಳು ಡಾಟಿ, ಹಣೆಯಲ್ಲಿ ಕೆಂಪು ಬೋರೆ, ಬಿಕ್ಕುತ್ತಿದ್ದಳು. ಓಪಲಳ ತೊಡೆಯ ಮೇಲೆ ವರ್ಲೀನಳ ಬ್ಯಾಗು. ಅವಳ ಬಲಗೈ ಮಣಿಕಟ್ಟಿನವರೆಗೂ ಪಕ್ಕದ ಜೇಬಿನೊಳಗಿತ್ತು.

"ಮ್ಯಾಮಾ, ಡಾಟಿ ಬಿದ್ಬಿಟ್ಳು. ಅವಳಿಗೆ ಪೆಪ್ಪರ್‌ಮಿಂಟ್ ಕೊಡೋಣ ಅಂತ ಹುಡುಕ್ತಿದೀನಿ," ಎಂದಳು ಓಪಲ್. "ಇದರಲ್ಲಿ ಏನೋ ಭಾರದ್ದು ಸಿಕ್ಕಾಕ್ಕೊಂಡಿದೆ."

ವರ್ಲೀನಳ ಬ್ಯಾಗಿನಲ್ಲಿ ಪೆಪ್ಪರ್‌ಮಿಂಟ್ ಇರುತ್ತದೆಂದು ಚರ್ಚಿನ ಮಕ್ಕಳಿಗೆಲ್ಲ ಗೊತ್ತು. ಪ್ರವಚನ ಉದ್ದವಾದಾಗ ಹಿಂದಿನ ಸಾಲಿನಿಂದ, ಮುಂದಿನ ಸಾಲಿನಿಂದ ಪುಟ್ಟ ಕೈಗಳು ಕೇಳದೆಯೇ ಬಂದು ಒಳಗೆ ತೂರುತ್ತಿದ್ದವು. ಆ ಸಲುಗೆಗೆ ಅವಳು ಎಷ್ಟು ಬೀಗಿದ್ದಳೋ! ಪಿಸ್ತೂಲು ಎಂದರೆ ಆ ಅಂಗಡಿಯ ಕತ್ತಲ ಬಯಲು, ವಾಂಡಾಳ ಮನೆ ಎಂದರೆ ಕೇಕು ಮತ್ತು ನಗು. ಎರಡೂ ಒಂದೇ ಬ್ಯಾಗಿನಲ್ಲಿವೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

"ಓಪಲ್, ಚಿನ್ನ," ಎಂದಳು. "ಕೈ ಎಲ್ಲಿದ್ಯೋ ಅಲ್ಲೇ ಇರಲಿ. ಬೆರಳು ಅಲ್ಲಾಡಿಸ್ಬೇಡ. ನಾನು ಬರ್ತೀನಿ."

ಅವಳು ಹೋಗಿ ಮಗುವಿನ ಮಣಿಕಟ್ಟನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಹೊರಗೆ ತೆಗೆದಳು. ಬ್ಯಾಗನ್ನು ಎದೆಗೆ ಅವಚಿಕೊಂಡಳು.

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ ಪುಟ್ಟಿ. ನೀನು ಒಳ್ಳೇದೇ ಮಾಡಕ್ಕೆ ಹೊರಟಿದ್ದೆ. ಡಾಟೀನ ಕರ್ಕೊಂಡು ಹೋಗಿ ಕೇಕು ಕೊಡು."

ಮಕ್ಕಳು ಹೋದ ಮೇಲೆ ಅವಳು ಬ್ಯಾಗನ್ನು ಬಿಡದೆ ಮಂಚದ ತುದಿಯಲ್ಲಿ ಕೂತಳು. ಹುಡುಕಿಕೊಂಡು ಬಂದ ವಾಂಡಾ ಅವಳ ಮುಖ ನೋಡಿ ಬಾಗಿಲು ಮುಚ್ಚಿದಳು. ವರ್ಲೀನ್ ಎಲ್ಲವನ್ನೂ ಹೇಳಿದಳು.

"ಅಯ್ಯೋ ದೇವ್ರೇ," ಎಂದು ವಾಂಡಾ ಅವಳ ಭುಜ ಸವರಿದಳು. ಮೂಲೆಯ ಹೂಜಿಯಿಂದ ನೀರು ಬಗ್ಗಿಸಿ ಲೋಟವನ್ನು ಬಾಯಿಗೇ ಹಿಡಿದಳು. ಆಮೇಲೆ ಪಿಸುಗುಟ್ಟಿದಳು. "ಏನೂ ಆಗ್ಲಿಲ್ವಲ್ಲ. ಮಗೂಗೂ ಗೊತ್ತಾಗಿಲ್ಲ. ಡಾರ್ಲಾಗೆ ಹೇಳ್ಬೇಡ. ಹೇಳಿದ್ರೆ ಆ ಮಗೂನ ಕಳ್ಕೋತೀಯ, ನನಗೆ ಗೊತ್ತು ಅವಳ ಹಟ. ಬ್ಯಾಗು ಕಾರಲ್ಲಿಟ್ಟು ಬಾ, ಮುಗೀತು. ಅಷ್ಟಕ್ಕೂ ನೀನೊಬ್ಳೇನಾ? ನನ್ನ ಪಿಸ್ತೂಲೂ ಇಲ್ಲೇ ಎಲ್ಲೋ ಬ್ಯಾಗಲ್ಲಿದೆ, ಆ ನೀಲಿ ಕೋಟಿನ ಕೆಳಗೆ."

ವರ್ಲೀನ್ ನಿಧಾನವಾಗಿ ತಿರುಗಿ ರಾಶಿಯನ್ನು ನೋಡಿದಳು. ಚರ್ಮದ್ದು, ಬಟ್ಟೆಯದು, ಕಸೂತಿಯದು. ತನ್ನ ಬ್ಯಾಗೊಂದನ್ನು ಎತ್ತಿಕೊಂಡು ಹೋದರೆ ಈ ಮಂಚದ ಮೇಲೆ ಇನ್ನೆಷ್ಟು ಪಿಸ್ತೂಲುಗಳು ಉಳಿಯುತ್ತವೆ? ಹೊರಗೆ ಮಕ್ಕಳು ಕಿಲಕಿಲ ಓಡಾಡುತ್ತಿದ್ದರು.

ಅವಳು ಎದ್ದಳು.

"ವರ್ಲೀನ್, ಬೇಡ್ವೇ. ನನ್ನ ಮಗಳ ದಿನ ಇದು."

"ಅದಕ್ಕೇ ಹೇಳ್ಬೇಕು. ನಿನ್ನ ಮಗಳ ಕೂಸೂ ನಾಳೆ ಇದೇ ಮಂಚದ ಮೇಲೆ ಹರಿದಾಡತ್ತೆ."

ಹಜಾರದಲ್ಲಿ ಯಾರೋ ಕೂಸಿನ ಟೋಪಿಯನ್ನು ತಲೆಯ ಮೇಲಿಟ್ಟುಕೊಂಡು ನಗಿಸುತ್ತಿದ್ದರು. ವರ್ಲೀನ್ ಬ್ಯಾಗನ್ನು ಅವಚಿಕೊಂಡೇ ನಡುವೆ ನಿಂತಳು. ಎಲ್ಲರಿಗೂ ಕೇಳುವಂತೆ, ಆದರೆ ಸೊಸೆಯ ಮುಖವನ್ನೇ ನೋಡುತ್ತ ಹೇಳಿದಳು.

"ಡಾರ್ಲಾ, ನನ್ನ ಪಿಸ್ತೂಲು ಬ್ಯಾಗಲ್ಲಿತ್ತು. ಬ್ಯಾಗನ್ನ ಮಂಚದ ಮೇಲೆ ಬಿಟ್ಟಿದ್ದೆ. ಈಗ ಒಳಗೆ ಹೋದಾಗ ಓಪಲ್‌ನ ಕೈ ಅದರ ಮೇಲಿತ್ತು. ಮಗೂದು ತಪ್ಪಿಲ್ಲ. ನನ್ನದು."

ಡಾರ್ಲಾಳ ಮುಖದ ಬಣ್ಣ ಇಳಿಯಿತು. ಅವಳು ಮಗಳನ್ನು ಎಳೆದು ತೊಡೆಗೆ ಒತ್ತಿಕೊಂಡಳು.

"ಇನ್ನೊಂದು ಮಾತು," ಎಂದಳು ವರ್ಲೀನ್. "ಬೇರೆ ಯಾರದಾದ್ರೂ ಆ ಮಂಚದ ಮೇಲಿದ್ರೆ, ಈಗಲೇ ಹೋಗಿ ತಗೊಳ್ಳಿ. ನಾನು ಯಾರು ಅಂತ ನೋಡಲ್ಲ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಮೊದಲು ವಾಂಡಾಳ ಚಪ್ಪಲಿಯ ಸದ್ದು ಕೇಳಿತು. ಆಮೇಲೆ ಒಂದು ಕುರ್ಚಿ ಕಿರ್ರೆಂದಿತು. ಆಮೇಲೆ ಇನ್ನೊಂದು. ಪಾದ್ರಿಯವರ ಹೆಂಡತಿ ಮಾತ್ರ ಬಾಯಿಬಿಟ್ಟು, "ನನ್ನದೂ ಇದೆ, ದೇವರು ಕ್ಷಮಿಸಲಿ," ಎಂದು ಎದ್ದು ಹೋದರು.

ಡಾರ್ಲಾ ಮಗಳಿಗೆ ಕೋಟು ತೊಡಿಸಿದಳು. ಬಾಗಿಲಲ್ಲಿ ನಿಂತು, "ನಾನು ಹೇಳಿದ್ದು ನೆನಪಿದ್ಯಲ್ಲ, ಮಿಸ್ ವರ್ಲೀನ್?" ಎಂದಳು.

"ನೆನಪಿದೆ. ಮಾತು ಹಿಂದಕ್ಕೆ ತಗೋಬೇಡ. ನೀನು ಹೇಳಿದ್ದು ಸರಿ."

ಮರುದಿನದಿಂದ ಶಾಲೆಯ ಹಳದಿ ಬಸ್ಸು ವರ್ಲೀನಳ ಮನೆಯ ಮುಂದೆ ನಿಲ್ಲದೆ ಹೋಯಿತು. ಅವಳು ಓಪಲಳ ಅಪ್ಪನಾದ ತನ್ನ ಮಗನಿಗೆ ಫೋನು ಮಾಡಿ ಗೋಗರೆಯಲಿಲ್ಲ. ಹೋಬಾರ್ಟನ ಬಳಿಗೆ ಹೋಗಿ, "ನಿಮ್ಮ ಮಾತು ಕೇಳಿಸ್ಕೊಂಡೆ, ಪಾಲಿಸ್ಲಿಲ್ಲ. ಮತ್ತೆ ಮೊದಲಿಂದ ಹೇಳ್ಕೊಡಿ," ಎಂದಳು. ಅವನು ಯಾಕೆಂದು ಕೇಳಲಿಲ್ಲ. ಅವಳಿಗೆ ಕುರ್ಚಿ ಎಳೆದುಕೊಟ್ಟ. ತನ್ನ ಲಂಗಗಳಿಗೆಲ್ಲ ಅವಳೇ ಗಟ್ಟಿ ಸೊಂಟಪಟ್ಟಿ ಹೊಲಿದು, ಅಂಗಡಿಗೆ ಹೋಗುವಾಗ ಒರೆಯನ್ನು ಮೈಗೇ ಕಟ್ಟಿಕೊಳ್ಳಲು ಕಲಿತಳು. ಮನೆಗೆ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಅದನ್ನು ಗೋಡೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದಳು.

ಸೇಬಿನ ಮರಗಳು ಹೂಬಿಟ್ಟ ಕಾಲಕ್ಕೆ ಒಂದು ಸಂಜೆ ಡಾರ್ಲಾಳ ಕಾರು ಬಂದು ನಿಂತಿತು. ಓಪಲಳ ಕೈ ಹಿಡಿದುಕೊಂಡೇ ಅವಳು ಜಗಲಿ ಹತ್ತಿದಳು.

"ಓಪಲ್‌ಗೆ ಗೆಳತಿ ಮನೇಲಿ ಹುಟ್ಟುಹಬ್ಬ ಇತ್ತು," ಎಂದಳು ನಿಂತಲ್ಲಿಂದಲೇ. "ಆ ಹುಡುಗಿ ಅಮ್ಮನ್ನ, ನಿಮ್ಮನೇಲಿ ಬಂದೂಕು ಇದ್ಯಾ, ಎಲ್ಲಿಟ್ಟಿದೀರ ಅಂತ ಕೇಳ್ದೆ. ಮುಂಚೆ ಆಗಿದ್ರೆ ನಾಚಿಕೆಗೆ ಸತ್ತೇಹೋಗ್ತಿದ್ದೆ." ಸ್ವಲ್ಪ ತಡೆದಳು. "ನೀವು ಅವತ್ತು ಹೇಳ್ದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಅದನ್ನೇ ಯೋಚಿಸ್ತಿದ್ದೆ. ಒಬ್ಳನ್ನೇ ಬಿಟ್ಟುಹೋಗೋ ಧೈರ್ಯ ಇನ್ನೂ ಇಲ್ಲ. ನಾನೂ ಕೂತಿರ್ತೀನಿ, ಆಗ್ಬಹುದಾ?"

"ಆಗ್ಬಹುದಾ ಅಂದ್ರೆ? ಕಾಫಿ ಇಡ್ತೀನಿ."

ಓಪಲ್ ಅಮ್ಮನ ಕೈ ಕೊಡವಿಕೊಂಡು, "ಮ್ಯಾಮಾ!" ಎಂದು ಮುಂದೆ ಜಿಗಿದಳು. ವರ್ಲೀನ್ ಅಂಗೈ ಮುಂದೆ ಚಾಚಿ ಅವಳನ್ನು ತಡೆದಳು.

"ಒಂದು ನಿಮಿಷ ಚಿನ್ನ. ಮೊದಲು ನಿಮ್ಮಮ್ಮ ಒಳಗೆ ಹೋಗಿ ಪೆಟ್ಟಿಗೆ ನೋಡ್ಕೊಂಡು ಬರ್ಲಿ." ಸೊಸೆಯ ಕಡೆ ತಿರುಗಿದಳು. "ಹೋಗು ಡಾರ್ಲಾ, ನನ್ನ ರೂಮಲ್ಲಿ, ಎಡಗಡೆ ಗೋಡೆಗಿದೆ. ಬೀಗ ಎಳೆದು ನೋಡು. ಬಂದಾಗಲೆಲ್ಲ ನೋಡು. ನನಗೇನೂ ಬೇಜಾರಿಲ್ಲ."

ಡಾರ್ಲಾ ಒಂದು ಗಳಿಗೆ ಅನುಮಾನಿಸಿ, ಒಳಗೆ ಹೋದಳು. ಅಜ್ಜಿ ಮೊಮ್ಮಗಳು ಜಗಲಿಯ ಮೇಲೆ, ಒಂದು ಮಾರು ಅಂತರದಲ್ಲಿ, ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಓಪಲ್ ತುದಿಗಾಲಲ್ಲಿ ಕುಣಿಯುತ್ತಿದ್ದಳು. ಒಳಗಿನಿಂದ ಕಬ್ಬಿಣದ ಬೀಗವನ್ನು ಜಗ್ಗಿದ ಸದ್ದು ಕೇಳಿತು; ಮತ್ತೊಮ್ಮೆ, ಇನ್ನೂ ಜೋರಾಗಿ.

"ಸರಿ ಇದೆ," ಎಂದಳು ಡಾರ್ಲಾ ಬಾಗಿಲಿಗೆ ಬಂದು.

ಆಗ ವರ್ಲೀನ್ ಮೊಣಕಾಲೂರಿ ಎರಡೂ ತೋಳು ಚಾಚಿದಳು.