ಅಳಿಸಬಾರದ ಮೂಲೆ

ನಮ್ಮ ಗೈಡ್ ಕೋಣೆಯ ಕಪ್ಪುಹಲಗೆಯ ಮೂಲೆಯಲ್ಲೊಂದು ಚೌಕ. ಅದರೊಳಗೆ ‘ಆಯಾಮ ಮೂರು ಅಥವಾ ಹೆಚ್ಚು. ಅಳಿಸಬೇಡಿ’ ಎಂಬ ಬರಹ. ಅದು ಸದಾ ಕಣ್ಣೆದುರಿಗೇ ಇದ್ದುದರಿಂದ ನಾವ್ಯಾರೂ ಅದನ್ನು ಬೇರೆಲ್ಲೂ ಬರೆಯುತ್ತಿರಲಿಲ್ಲ. ನನ್ನ ಪಿಎಚ್‌ಡಿ ಪ್ರಬಂಧವನ್ನೂ ಆ ಹಲಗೆಯ ಮುಂದೆ ಕೂತೇ ಬರೆದೆ. ಚೆನ್ನಾಗಿಯೇ ಬರೆದೆ, ಸುಳ್ಳು ವಿನಯ ನನಗೆ ಬರುವುದಿಲ್ಲ.

ಪ್ರಬಂಧವೆಲ್ಲ ನಿಂತಿದ್ದು ಮೊದಲ ಪ್ರಮೇಯದ ಮೇಲೆ. ಒಂದು ಆಕಾರ ಎಲ್ಲೆಲ್ಲಿ ಎಷ್ಟು ಬಾಗಿದೆ ಎಂದು ಸಂಖ್ಯೆಯಲ್ಲಿ ಹೇಳುವ ಬೀಜಗಣಿತದ ಸಾಧನವೇ ವಕ್ರತಾ ಆಪರೇಟರ್. ಪ್ರತಿ ಜಾಗದಲ್ಲೂ ಅದು ಎಲ್ಲ ದಿಕ್ಕಿಗೂ ಒಂದೇ ಸಂಖ್ಯೆ ಕೊಟ್ಟರೆ, ಜಾಗ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ ಎಂಬುದು ಪ್ರಮೇಯ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಊಟದ ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಮೇಜಿನ ಮೇಲಿಟ್ಟರು.

“ಈ ಸಿಪ್ಪೆಗೆ ಎರಡೇ ಆಯಾಮ. ಒಂದು ಜಾಗದಲ್ಲಿ ಸಿಗೋದೇ ಒಂದು ಸಂಖ್ಯೆ, ಹಾಗಾಗಿ ನಿಮ್ಮ ಷರತ್ತು ತಾನಾಗೇ ನಡೆಯುತ್ತೆ. ಆದ್ರೆ ತುದೀಲಿ ಒಂದು ಬಾಗು, ಹೊಟ್ಟೇಲಿ ಇನ್ನೊಂದು. ಪ್ರಮೇಯವೇ ಸುಳ್ಳಾದ್ರೆ ಡಿಗ್ರಿಗೆ ನಾನು ಹೇಗಮ್ಮಾ ಸಹಿ ಹಾಕ್ಲಿ?”

“ಅದು ಬೋರ್ಡ್ ಮೇಲಿದೆ ಸಾರ್,” ಎಂದರು ನಮ್ಮ ಗೈಡ್.

“ಯಾವ ಬೋರ್ಡ್?”

ಬೋರ್ಡು ಗೈಡ್ ಕೋಣೆಯಲ್ಲಿತ್ತು, ಪ್ರಬಂಧದಲ್ಲಿ ಆ ಸಾಲು ಇರಲಿಲ್ಲ. ಪರೀಕ್ಷೆ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬಂತು, ನನ್ನ ಮೇಲೇ. ದೀಪದ ಬುಡದಲ್ಲೇ ಕತ್ತಲು.

ಎದ್ದು ಹೋಗಿ ಅಲ್ಲಿದ್ದ ಹಲಗೆಯ ಮೇಲೆ, ಪ್ರಮೇಯವನ್ನು ಸಾಧಿಸುವ ಕೊನೆಯ ಸಾಲನ್ನು ಬರೆದೆ. ಆಯಾಮದಲ್ಲಿ ಎರಡು ಕಳೆದು, ಅದನ್ನು ವಕ್ರತೆಯ ಬದಲಾವಣೆಯಿಂದ ಗುಣಿಸಿದರೆ ಸೊನ್ನೆ.

“ಆಯಾಮ ಮೂರೋ ಹೆಚ್ಚೋ ಆದ್ರೆ, ಎರಡು ಕಳೆದು ಉಳಿದದ್ದರಿಂದ ಭಾಗಿಸಬಹುದು, ಬದಲಾವಣೆ ಸೊನ್ನೆ ಆಗ್ಲೇಬೇಕು. ಎರಡಾದ್ರೆ ಇದು ಸೊನ್ನೆಯಿಂದ ಗುಣಿಸಿದ ಹಾಗೆ. ಬದಲಾವಣೆ ಎಷ್ಟು ಬೇಕಾದ್ರೂ ಇರಬಹುದು, ನಿಮ್ಮ ಮೊಟ್ಟೆ ಥರ. ಆಯಾಮದ ಷರತ್ತು ಬರೆಯೋಕೆ ನಾನು ಮರೆತೆ ಸಾರ್, ಬೀಜಗಣಿತ ಮರೆತಿಲ್ಲ. ಪ್ರಮೇಯ ನಿಲ್ಲುತ್ತೆ.”

ಪರೀಕ್ಷಕರು ಆ ಸಾಲಿನಲ್ಲಿ ಆಯಾಮದ ಜಾಗಕ್ಕೆ ಎರಡು, ಮೂರು ಹಾಕಿ ನೋಡಿದರು. “ನಿಲ್ಲುತ್ತೆ. ಒಂದು ಸಾಲು ಸೇರಿಸಿಕೊಡಿ,” ಎಂದು ಸಹಿ ಹಾಕಿ, ಮೊಟ್ಟೆ ಸುಲಿಯತೊಡಗಿದರು.

ಹೊರಗೆ ಅಮ್ಮ ನನ್ನ ಕಿವಿ ಹಿಂಡಿದಳು. ಅವಳು ಪ್ರಾಥಮಿಕ ಶಾಲೆಯ ಟೀಚರ್. “ಸೊನ್ನೆಯಿಂದ ಭಾಗಿಸಬಾರದು ಅಂತ ಹೇಳ್ಕೊಟ್ಟಿರ್ಲಿಲ್ವೇನೇ ನಿಂಗೆ?” ಎಂದವಳ ಕಣ್ಣು ಮಾತ್ರ ತುಂಬಿತ್ತು.

ಗೈಡ್ ಕೋಣೆಗೆ ಬಂದವಳೇ ನಾನು ಡಸ್ಟರ್ ಕೈಗೆತ್ತಿಕೊಂಡೆ.

“ಅಯ್ಯೋ, ಅದನ್ನ ಅಳಿಸ್ಬಾರ್ದು ಕಣಮ್ಮಾ!” ಎಂದರು ಗೈಡ್.

“ಅಳಿಸಿದ್ರೇನೇ ಎಲ್ರೂ ಬರೆಯೋದು ಸಾರ್.”

ಅವರು ಹಲಗೆಯ ಹತ್ತಿರ ಬಂದರು. ಆಮೇಲೆ ನನ್ನ ಕೈಯಿಂದ ಡಸ್ಟರ್ ತೆಗೆದುಕೊಂಡು ತಾವೇ ಒರೆಸಿದರು. ಚೌಕವಿದ್ದ ಜಾಗ ಉಳಿದ ಹಲಗೆಗಿಂತ ಕಪ್ಪಗಿತ್ತು.

“ನನ್ನ ಲೇಖನಗಳಲ್ಲೂ ಈ ಸಾಲು ಇಲ್ಲ, ಅಲ್ವಾ?” ಎಂದು ಮೆಲ್ಲಗೆ ಕೇಳಿದರು.

“ಒಂದರಲ್ಲೂ ಇಲ್ಲ ಸಾರ್,” ಎನ್ನುತ್ತ ಅವರ ಕುರ್ಚಿಯ ಪಕ್ಕಕ್ಕೆ ನನ್ನದನ್ನೂ ಎಳೆದುಕೊಂಡೆ. “ಬನ್ನಿ, ಮೊದಲನೇದರಿಂದ ಶುರು ಮಾಡೋಣ.”