ಲೊರಿಮರ್ ಸೋತ ಚುನಾವಣೆ

ಆ ವಾರ ಅಶ್ವಿತಾಳ ಪಾಲಿಗೆ ಬಂದದ್ದು ಗಡಿಯಾಚೆಯ ಅಮೆರಿಕದ ಗವರ್ನರ್ ಲೊರಿಮರ್. ನಾರ್ತ್ ಯಾರ್ಕಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಂತಸ್ತಿನಲ್ಲಿ ಅವಳು ಕೆಲಸ ಮಾಡುತ್ತಿದ್ದ ಪುಟ್ಟ ಇಂಗ್ಲಿಷ್ ಸುದ್ದಿಸಂಸ್ಥೆಯಲ್ಲಿ ಮೊದಲು ಐದು ಜನ ಇದ್ದರು. ಈಗ ಉಳಿದಿದ್ದವರು ಅವಳು ಮತ್ತು ಸಂಪಾದಕ ಚಂದ್ರಮೋಹನ, ಇಬ್ಬರೇ. ಬಿಟ್ಟುಹೋದವರ ಕೆಲಸವೆಲ್ಲ ಒಂದೊಂದಾಗಿ ಅವಳ ಮೇಜಿಗೆ ಬಂದು ಬಿದ್ದಿತ್ತು. ಬೇಡ ಅನ್ನುವುದಕ್ಕೂ ಅವಳಲ್ಲಿ ಉಸಿರಿರಲಿಲ್ಲ.

"ನೋಡಮ್ಮ, ಮುಂದಿನ ಸಲ ಪ್ರೆಸಿಡೆಂಟ್ ಆಗ್ಬೇಕು ಅಂತ ಹೊರಟಿರೋ ಮನುಷ್ಯ," ಎಂದರು ಬೆಂಗಳೂರು ಮೂಲದ ಚಂದ್ರಮೋಹನ. "ಗುರುವಾರ ಗಡಿ ದಾಟಿ ಇಲ್ಲಿ ಬೋಲ್ಟನ್ ವೇರ್‌ಹೌಸಿಗೆ ಬರ್ತಾನೆ, ಫೋಟೋ ತೆಗೆಸ್ಕೋತಾನೆ. ನಮ್ಮ ಓದುಗರೆಲ್ಲ ಟ್ರಕ್ ಓಡಿಸೋರು, ಲೋಡಿಂಗ್ ಮಾಡೋರು. ಅವ್ರಿಗೆ ಅಮೆರಿಕ ಹಾಕೋ ಟ್ಯಾರಿಫ್ ಸುಂಕದ್ದೇ ಚಿಂತೆ. ಇವನು ಇಲ್ಲಿವರೆಗೆ ಹೆಂಗೆ ಗೆದ್ದ, ಮುಂದೆ ಗೆಲ್ತಾನಾ, ಅಷ್ಟು ಬರಿ ಸಾಕು."

ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಲೊರಿಮರನ ಹಿಂದಿನ ಚುನಾವಣೆಗಳನ್ನು ಹುಡುಕುತ್ತಿದ್ದಾಗ, ಬೀನ್ಸ್ ಮುರಿಯುತ್ತಿದ್ದ ಅತ್ತೆ ಪಂಕಜಾ ಕೇಳಿದರು, "ರಾಜ್ಯಪಾಲರಿಗೆ ಎಂತ ಚುನಾವಣೆ ಮಾರಾಯ್ತಿ?"

"ಅಮೆರಿಕದಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ ಅತ್ತೆ. ಜನರೇ ಆರಿಸುವುದು."

"ಹೌದಾ? ಹಾಗಾದ್ರೆ ಅವನಿಗೂ ನಿದ್ದೆ ಇಲ್ಲ," ಎಂದು ಅತ್ತೆ ಮತ್ತೆ ಬೀನ್ಸಿಗೆ ತಿರುಗಿದರು.

ಪ್ರಚಾರದ ವೆಬ್‌ಸೈಟಿನಲ್ಲಿ ದೊಡ್ಡ ಅಕ್ಷರಗಳಲ್ಲಿತ್ತು: ಐದು ಚುನಾವಣೆ, ಐದು ಗೆಲುವು. ಮೇಯರ್ ಆಗಿ ಎರಡು ಸಲ, ಸೆನೆಟ್ಟಿಗೆ ಒಮ್ಮೆ, ಗವರ್ನರ್ ಆಗಿ ಎರಡು ಸಲ. ಆದರೆ ಅವನ ಊರಿನ ಹಳೆಯ ಪತ್ರಿಕೆಯನ್ನು ಯಾರೋ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಅದರಲ್ಲಿ ಅವಳಿಗೆ ಆರನೆಯದೊಂದು ಸಿಕ್ಕಿತು. ಇಪ್ಪತ್ತರ ಹರೆಯದಲ್ಲಿ ಅವನು ಊರಿನ ಶಾಲಾ ಮಂಡಳಿಗೆ ನಿಂತಿದ್ದ. ಬೇಕರಿ ನಡೆಸುತ್ತಿದ್ದ ಡೋಲನ್ ಎಂಬ ಹೆಂಗಸಿನೆದುರು ಹೀನಾಯವಾಗಿ ಸೋತಿದ್ದ. ಅಶ್ವಿತಾಳಿಗೆ ಅದರಿಂದ ಖುಷಿಯೇನೂ ಆಗಲಿಲ್ಲ. ಕೇಳುವುದಕ್ಕೆ ಒಂದು ಪ್ರಶ್ನೆ ಸಿಕ್ಕಿತಲ್ಲ, ಅಷ್ಟೇ ಸಮಾಧಾನ.

ಗುರುವಾರ ಗಂಡ ಪ್ರಖ್ಯಾತ್ ಅವಳನ್ನು ಕಾರಿನಲ್ಲಿ ಬೋಲ್ಟನ್ನಿಗೆ ಕರೆದೊಯ್ದ. ವೇರ್‌ಹೌಸಿನಲ್ಲಿ ಲೊರಿಮರ್ ಹಳದಿ ಜಾಕೆಟ್ ತೊಟ್ಟು ರಟ್ಟಿನ ಪೆಟ್ಟಿಗೆಗಳ ಮುಂದೆ ನಿಂತು ನಗುತ್ತಿದ್ದ, ಕ್ಯಾಮೆರಾ ಇಳಿದಾಗ ನಗುವೂ ಇಳಿಯುತ್ತಿತ್ತು. ದೊಡ್ಡ ಚಾನೆಲ್ಲಿನವರ ಸರದಿ ಮುಗಿದ ಮೇಲೆ ಅವಳದು ಬಂತು. ಒಂದು ಪೆಟ್ಟಿಗೆಯ ಮೇಲೆ ಅವನು ಧೊಪ್ಪೆಂದು ಕುಳಿತ. ಮುಖದ ಮೇಲಿನ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು.

ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಸುಂಕದ ಬಗ್ಗೆ ಕೇಳಿದಳು. ಬಾಯಿಪಾಠದ ಉತ್ತರ ಬಂತು. ಆಮೇಲೆ ಡೋಲನ್ ಹೆಸರು ಎತ್ತಿದಳು.

ಪಕ್ಕದಲ್ಲಿ ನಿಂತಿದ್ದ ಸಹಾಯಕಿ ತಲೆಯೆತ್ತಿ ನೋಡಿದಳು. ಲೊರಿಮರ್ ಮಾತ್ರ ಎಷ್ಟೋ ಕಾಲದ ಮೇಲೆ ಬಂಧುಗಳ ಸುದ್ದಿ ಕೇಳಿದವನ ಹಾಗೆ ಮುಂದಕ್ಕೆ ಬಾಗಿದ.

"ಮಾರ್ಗರೆಟ್ ಡೋಲನ್. ಅವರು ನನಗಿಂತ ಯೋಗ್ಯರಾಗಿದ್ದರು," ಎಂದ. "ಮಕ್ಕಳ ಹೆಸರೆಲ್ಲ ಅವರಿಗೆ ಗೊತ್ತಿತ್ತು. ಮತಪತ್ರ ಕೈಗೆ ಬಂದಾಗ ಎರಡೂ ಹೆಸರು ನೋಡಿದೆ. ನಾನು ಅವರಿಗೇ ಮತ ಹಾಕಿದೆ. ನನ್ನ ಹೆಂಡತಿಗೂ ಹೇಳಿಲ್ಲ. ಆಮೇಲಿನ ಯಾವ ಚುನಾವಣೆಯಲ್ಲೂ ಎದುರಿನ ಹೆಸರನ್ನು ಓದುವ ಧೈರ್ಯ ಮಾಡಲಿಲ್ಲ."

ಅವನು ಮಾತಾಡುತ್ತಿದ್ದಾಗಲೇ ಹಿಂದಿನಿಂದ ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟ್ ಬಂಡಿ ಕೀಂ ಕೀಂ ಎನ್ನುತ್ತ ಹತ್ತಿರ ಬಂದಿತ್ತು. ಸಹಾಯಕಿ ಅವನನ್ನು ಎಬ್ಬಿಸಿಕೊಂಡು ಹೊರಟಳು. ಒಂದು ನಿಮಿಷದಲ್ಲಿ ಒಬ್ಬಳೇ ಓಡಿ ಬಂದು, "ದಯವಿಟ್ಟು ಅದನ್ನು ಹಾಕಬೇಡಿ. ತನಗೇ ಮತ ಹಾಕದವನು ಅಂತ ನಾಳೆಯೇ ಎದುರಾಳಿಗಳು ಜಾಹೀರಾತು ಮಾಡುತ್ತಾರೆ," ಎಂದಳು. ಅವಳ ಕಣ್ಣ ಕೆಳಗೂ ಕಪ್ಪಾಗಿತ್ತು. ಅಶ್ವಿತಾ ಮಾತು ಕೊಡದೆ ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ವಾಪಸು ಬರುವಾಗ ಕಾರಿನಲ್ಲಿ ಪ್ರಖ್ಯಾತನಿಗೆ ಹೇಳಿದಳು. "ಬರಿ ಮಾರಾಯ್ತಿ," ಎಂದ ಅವನು. "ಅವರಾಗಿ ಹೇಳಿದ್ದಲ್ವಾ? ನೀನು ಬಾಯಿ ಬಿಡಿಸಿದ್ದಾ?"

"ಹೇಳಿ ಆದ ಮೇಲೆ ಅವರ ಮುಖ ನೋಡ್ಬೇಕಿತ್ತು ನೀನು. ಭಾರ ಇಳಿಸಿದ ಹಾಗೆ ಇತ್ತು. ಅದನ್ನು ಎತ್ತಿ ನಾನು ಊರಿಗೆಲ್ಲ ತೋರಿಸುವುದಾ ಅಂತ."

ಆದರೂ ಬರೆದಳು. ಬರೆಯದಿದ್ದರೆ ಉಳಿದ ಐದು ಗೆಲುವುಗಳಿಗೆ ಅರ್ಥವೇ ಇಲ್ಲ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಒಂದು ಬರಹ ತಾನಾಗಿ ಕೈಯಿಂದ ಇಳಿದಿತ್ತು.

ಚಂದ್ರಮೋಹನ ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಚೆನ್ನಾಗಿದೆ. ರೆಕಾರ್ಡಿಂಗ್ ಹಾಕು."

ಹಾಕಿದಳು. ಡೋಲನ್ ಹೆಸರಿನವರೆಗೆ ಸ್ಪಷ್ಟವಾಗಿತ್ತು. ಮತ ಹಾಕಿದ ಮಾತಿಗೆ ಬರುವಷ್ಟರಲ್ಲಿ ಬರೀ ಫೋರ್ಕ್‌ಲಿಫ್ಟಿನ ಕೂಗು.

"ನಾಳೆ ಅವನು ಹಂಗೆ ಹೇಳೇ ಇಲ್ಲ ಅಂದ್ಬಿಟ್ರೆ ಏನ್ಮಾಡೋಣ? ಹೋದ ವರ್ಷ ಬೇರೊಂದು ಸುದ್ದಿಗೆ ಬಂದ ಲಾಯರ್ ನೋಟೀಸು ಇನ್ನೂ ಮರೆತಿಲ್ಲ ನಾನು. ನಮ್ಮ ಕೈಲಾಗಲ್ಲಮ್ಮ." ಅವರು ಆ ಭಾಗವನ್ನು ಅಳಿಸಿದರು. ಅದರ ಜೊತೆ ಶಾಲಾ ಮಂಡಳಿಯ ಸೋಲೂ ಹೋಯಿತು. ಅವಳು ಜಗಳವಾಡಬೇಕಿತ್ತು, ಆಡಲಿಲ್ಲ. ಕೋಟು ಹಾಕಿಕೊಂಡು ಸಬ್‌ವೇ ರೈಲಿನ ಕಡೆ ನಡೆದಳು. ಮರುದಿನ ಐದು ಚುನಾವಣೆ, ಐದು ಗೆಲುವು ಅಂತಲೇ ಅಚ್ಚಾಯಿತು, ಕೆಳಗೆ ಅವಳ ಹೆಸರಿನೊಂದಿಗೆ.

ಚಳಿಗಾಲ ಬಂತು. ಲೊರಿಮರ್ ಅಭ್ಯರ್ಥಿಯಾಗಲು ತನ್ನ ಪಕ್ಷದ ಒಳಗೆ ಒಂದೊಂದೇ ರಾಜ್ಯದಲ್ಲಿ ನಡೆಯುವ ಸ್ಪರ್ಧೆಗೆ ಇಳಿದ. ಮೊದಲನೆಯ ರಾಜ್ಯದಲ್ಲಿ ಕೊನೆಯವನಾದ, ಎರಡನೆಯದರಲ್ಲೂ ಹಾಗೆಯೇ ಆಗಿ ಕಣದಿಂದ ಹಿಂದೆ ಸರಿದ. ಏನು ಕೇಳಿದರೂ ಬಾಯಿಪಾಠ ಒಪ್ಪಿಸುತ್ತಾನೆ, ಮನುಷ್ಯ ಎಲ್ಲಿದ್ದಾನೆಂದೇ ಕಾಣುವುದಿಲ್ಲ ಎಂದು ಟೀವಿಯಲ್ಲಿ ಒಬ್ಬರು ಹೇಳಿದರು.

ಅದಾದ ಒಂದು ವಾರಕ್ಕೆ ಅಶ್ವಿತಾಳಿಗೆ ಫೋನು ಬಂತು. ಲೊರಿಮರನೇ.

"ನಿಮಗೆ ಥ್ಯಾಂಕ್ಸ್ ಹೇಳುವುದಿತ್ತು. ಆ ಮಾತನ್ನು ನೀವು ಹೊರಗೆ ಬಿಡದೆ ಕಾಪಾಡಿದಿರಿ."

ಸುಮ್ಮನೆ ಒಪ್ಪಿಕೊಂಡುಬಿಡಬಹುದಿತ್ತು. ಅವಳಿಂದ ಆಗಲಿಲ್ಲ. "ನಾನು ಬರೆದಿದ್ದೆ," ಎಂದಳು. "ನಮ್ಮ ಸಂಪಾದಕರು ತೆಗೆದುಹಾಕಿದರು."

ಅವನ ಧ್ವನಿ ನಿಧಾನವಾಯಿತು. "ಅಚ್ಚಾಗಿದ್ದರೇ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ. ನಾನು ಹೇಳಿದ್ದರಲ್ಲಿ ಜನ ನಂಬಬಹುದಾದದ್ದು ಅದೊಂದೇ ಇತ್ತು."

"ಈಗ ಬರೆಯಲೇ?"

"ಬರೆಯಿರಿ. ಮಾರ್ಗರೆಟ್ ಇನ್ನೂ ಇದ್ದಾರೆ. ಅವರ ಮಗಳಿಗೆ ಕಳಿಸಿ, ಓದಿ ಹೇಳುತ್ತಾಳೆ."

ಈ ಸಲ ಚಂದ್ರಮೋಹನ ಒಂದಕ್ಷರವನ್ನೂ ಮುಟ್ಟಲಿಲ್ಲ. ಸೋತವನಿಂದ ನೋಟೀಸು ಬರುವ ಭಯವೂ ಇರಲಿಲ್ಲ. ಹೊಸ ಅಭ್ಯರ್ಥಿಗಳ ಗದ್ದಲದಲ್ಲಿ ಆ ಬರಹವನ್ನು ಓದಿದವರು ಬೆರಳೆಣಿಕೆಯಷ್ಟು. ಅಶ್ವಿತಾ ಮಗಳ ವಿಳಾಸ ಹುಡುಕಿ ಒಂದು ಪ್ರತಿ ಕಳಿಸಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಮಧ್ಯಾಹ್ನವೇ ರಜೆ ಹೇಳಿ ಮನೆಗೆ ಹೋಗಿ ಮಲಗಿದಳು.